ತುರಾಯಿ ದೇವರಿಗೆ, ಸೊಪ್ಪು ಮನುಷ್ಯರಿಗೆ

ಚರ್ಲಪಲ್ಲಿ ಜೈಲು, ಹೈದರಾಬಾದ್
10 ಆಗಸ್ಟ್ 2024
(ಬರೆದು ಕಳಿಸದೆ ಇಟ್ಟುಕೊಂಡದ್ದು)

ಅಪ್ಪಾ,

ನಾನು ಜೈಲಿನಲ್ಲಿದ್ದೇನೆ. ಅವ್ವನಿಗೆ ಒಮ್ಮೆಲೇ ಹೇಳಬೇಡಿ, ಮೊದಲು ಕೂರಿಸಿ, ನೀರು ಕೊಟ್ಟು ಆಮೇಲೆ ಹೇಳಿ.

ಭೀಮನ ಅಮವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ, ನೀವು ಕಟ್ಟಿಕೊಟ್ಟ ಭಂಗಿ ಸೊಪ್ಪಿನ ಚೀಲವನ್ನು ಗೂಡ್ಸ್ ಆಟೊದಲ್ಲಿಟ್ಟುಕೊಂಡು ನಾಚಾರಂನ ಭಜನೆ ಮಂದಿಗೆ ಮುಟ್ಟಿಸಲು ಹೊರಟಿದ್ದೆ. ದಾರಿಯಲ್ಲಿ ಕುಡಿದು ಗಾಡಿ ಓಡಿಸುವವರನ್ನು ಹಿಡಿಯುವ ಪೊಲೀಸರು ನಿಂತಿದ್ದರು. ಊದು ಎಂದರು, ಊದಿದೆ. ಮಷೀನು ಸೊನ್ನೆ ತೋರಿಸಿತು. ಮಠದಲ್ಲಿ ಆಣೆ ಮಾಡಿದ ಮೇಲೆ ನಾನು ಒಂದು ಹನಿ ಮುಟ್ಟಿಲ್ಲ, ಇನ್ನೇನು ತೋರಿಸೀತು? ಹೋಗು ಎನ್ನುವಷ್ಟರಲ್ಲಿ ಒಬ್ಬ ಚೀಲದಲ್ಲಿ ಏನಿದೆ ಎಂದು ಕೇಳಿದ. ನಾನೋ ದೊಡ್ಡ ಶಾಣ್ಯಾ! ಚಪ್ಪಲಿ ಬಿಟ್ಟು, ಚೀಲ ಕಣ್ಣಿಗೊತ್ತಿಕೊಂಡು, ಒಂದು ಚಿಟಿಕೆ ತೆಗೆದು ಅವನ ಅಂಗೈಗೆ ಹಾಕಿದೆ. ‘ತಗೋರಿ ಸಾಹೇಬ್ರ, ನಮ್ಮ ಮಠದ ಪ್ರಸಾದ. ಹಂಗ ಒಂದ ಕೈಲೆ ಹಿಡೀಬ್ಯಾಡ್ರಿ, ಎಡಗೈ ಕೆಳಗ ಇಡ್ರಿ’ ಎಂದೂ ಹೇಳಿಕೊಟ್ಟೆ.

ಅದು ಗಾಂಜಾ ಎಂದರು. ಕಡ್ಡಿ, ಬೀಜ, ಅರಿವೆ ಚೀಲ ಎಲ್ಲ ಸೇರಿಸಿ ತೂಗಿದರು, ಒಂದು ಕಿಲೊ ದಾಟಿತು. ಒಂದು ಕಿಲೊ ದಾಟಿದರೆ ಹತ್ತು ವರ್ಷದ ತನಕ ಶಿಕ್ಷೆಯಂತೆ. ಕುಡಿಯದಿದ್ದರೇನು, ಅಮಲಿನಲ್ಲಿ ಗಾಡಿ ಓಡಿಸಿದ ಎಂದೂ ಬರೆದುಕೊಂಡರು. ಯಾರು ಕೊಟ್ಟರು ಎಂದು ಎಷ್ಟೋ ಸಲ ಕೇಳಿದರು. ನನ್ನದೇ ಎಂದೆ.

ಗಿಡ ಬೆಳೆಸಿದವರನ್ನೂ ಹಿಡಿಯುತ್ತಾರಂತೆ. ಮಠದ ಹಿಂದಿನ ಗಿಡಗಳಿಗೆ ನೀರು ಹಾಕುವವರು ನೀವು. ಇದನ್ನೆಲ್ಲ ಓದಿದರೆ ನೀವು ಅದೇ ದಿನ ಬಸ್ಸು ಹತ್ತಿ ಬಂದು, ‘ನಾನs ಕೊಟ್ಟೀನಿ, ನನ್ನ ಹಿಡೀರಿ’ ಎಂದು ನಿಲ್ಲುತ್ತೀರಿ. ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ? ಅದಕ್ಕೇ ಈ ಪತ್ರವನ್ನು ಕಳಿಸುವುದಿಲ್ಲ.

ನಿಮ್ಮ ಮಗ,
ಭೀಮಾಶಂಕರ


ಚರ್ಲಪಲ್ಲಿ ಜೈಲು
12 ಆಗಸ್ಟ್ 2024

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರ.

ನೇರವಾಗಿ ಹೇಳಿಬಿಡುತ್ತೇನೆ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದು ಜೈಲಿಗೆ ಬಂದಿದ್ದೇನೆ. ಇದು ಮೂರನೇ ಸಲ, ಅದಕ್ಕೆ ಬೇಗ ಬಿಡುವುದಿಲ್ಲವಂತೆ. ಹಿಂದಿನ ಎರಡು ಸಲ ನಿಮ್ಮಿಂದ ಮುಚ್ಚಿಟ್ಟಿದ್ದೆ.

ಇಲ್ಲಿ ಫೋನ್ ಮಾಡಲು ಬಿಡುತ್ತಾರೆ. ಆದರೆ ನಿಮಗೆ ಕೇಳಿಸುವುದಿಲ್ಲ, ಅವ್ವನ ದನಿ ಕೇಳಿದರೆ ನನಗೆ ಮಾತು ಬರುವುದಿಲ್ಲ. ಬರೆಯುವುದೇ ಒಳ್ಳೆಯದು. ಕನ್ನಡದ ಪತ್ರಗಳನ್ನು ಓದಿ ನೋಡಲು ಇಲ್ಲಿ ಅಮರಯ್ಯ ಎಂಬ ಗುಮಾಸ್ತರಿದ್ದಾರೆ, ನಾರಾಯಣಪೇಟೆ ಕಡೆಯವರು. ಅವರು ರಜೆ ಹಾಕಿದರೆ ನಿಮ್ಮ ಪತ್ರವೂ ರಜೆ ಹಾಕುತ್ತದೆ. ತಡವಾದರೆ ಗಾಬರಿಯಾಗಬೇಡಿ.

ಹೈದರಾಬಾದಿಗೆ ಬರುವ ಕೆಲಸವಿಲ್ಲ. ಖಂಡಿತ ಬರಬೇಡಿ.

ಭೀಮಾಶಂಕರ


ಗಡ್ಡಿ ಮಠ, ಬೊಮ್ಮನಗಡ್ಡಿ
ಯಾದಗಿರಿ ಜಿಲ್ಲೆ
30 ಆಗಸ್ಟ್ 2024

ಭೀಮಾಶಂಕರಾ,

ಪತ್ರದ ಮೊದಲಿಗೆ ಕ್ಷೇಮ ಕೇಳುವುದು ರೂಢಿ. ಕೇಳಿದೆ ಎಂದುಕೋ. ನಿನಗಿಂತ ಮೊದಲು ಇದನ್ನು ಓದುವ ಅಮರಯ್ಯನವರಿಗೆ ನನ್ನ ಶರಣು.

ಮೂರು ಸಲವೇನೋ? ಥೂ ನಿನ್ನ! ಧುನಿಯ ಬೆಂಕಿಯ ಮುಂದೆ ನಿಂತು, ಮಠದ ಸ್ವಾಮಿ ಅಜ್ಜಾರ ಪಾದ ಮುಟ್ಟಿ, ಕುಡಿತ ಬಿಟ್ಟೆನೆಂದು ಆಣೆ ಮಾಡಿದ್ದು ನೀನೋ ನಿನ್ನ ನೆರಳೋ? ಕೊಲೆ ಮಾಡಿ ಬಂದವನನ್ನಾದರೂ ನಮ್ಮ ಅಜ್ಜಾರು ಪಕ್ಕಕ್ಕೆ ಕೂರಿಸಿಕೊಂಡು ಯಾಕಪ್ಪಾ ಎಂದು ಕೇಳುತ್ತಾರೆ. ಕುಡಿದು ಬಂದವನನ್ನು ಹೊಸ್ತಿಲು ದಾಟಿಸುವುದಿಲ್ಲ. ಅಂಥ ಮಠದ ಸೇವೆ ಮಾಡುವವನ ಮಗ ನೀನು. ನಿನ್ನೆ ಅಜ್ಜಾರು ನನ್ನ ಕಿವಿಗೇ ಬಾಯಿಟ್ಟು ‘ಭೀಮಾ ಹ್ಯಾಂಗದಾನ ಗೊಲ್ಲಾಳಪ್ಪಾ?’ ಎಂದು ಕೇಳಿದರು. ನನಗೆ ಕೇಳಿಸಲಿಲ್ಲ ಎನ್ನುವಂತೆ ನಿಂತೆ. ಕಿವುಡನಾಗಿದ್ದಕ್ಕೆ ಮೊದಲ ಸಲ ಉಪಯೋಗವಾಯಿತು.

ನಿನ್ನವ್ವ ಸಾಬಮ್ಮ ಒಲೆ ಹಚ್ಚಲಿಲ್ಲ. ನಾನೇ ರೊಟ್ಟಿ ಬಡಿದೆ, ನಾಯಿಯೂ ಮೂಸಲಿಲ್ಲ.

ಬರಬೇಡಿ ಎಂದು ಬರೆದಿದ್ದೀ. ಬರುವವರು ಯಾರು? ಕುಡುಕನನ್ನು ನೋಡಲು ಬಸ್ಸಿನ ಚಾರ್ಜು ಕೊಟ್ಟು ಬರಬೇಕೇ?

ಒಂದು ಮಾತಿಗೆ ಮಾತ್ರ ಉತ್ತರ ಕೊಡು. ಅಮವಾಸ್ಯೆಯ ಪ್ರಸಾದ ನಾಚಾರಂನವರಿಗೆ ಮುಟ್ಟಿತೋ ಇಲ್ಲವೋ? ದೇವರ ವಸ್ತು, ದಾರಿಯಲ್ಲಿ ಉಳಿಯಬಾರದು.

ಗೊಲ್ಲಾಳಪ್ಪ


ಚರ್ಲಪಲ್ಲಿ ಜೈಲು
18 ಸೆಪ್ಟೆಂಬರ್ 2024

ಅಪ್ಪನವರಿಗೆ ನಮಸ್ಕಾರ.

ಪ್ರಸಾದ ಮುಟ್ಟಿತು. ಚಿಂತೆ ಮಾಡಬೇಡಿ.

ಇಲ್ಲಿ ಅಡುಗೆ ಮನೆಯಲ್ಲಿ ಕೈಜೋಡಿಸುತ್ತೇನೆ. ಅನ್ನ, ಪಪ್ಪು ಎನ್ನುವ ಬೇಳೆ, ಸಾರು. ಖಡಕ್ ರೊಟ್ಟಿ ಎಂದರೆ ಇಲ್ಲಿನವರಿಗೆ ಅದೇನೆಂದೇ ಗೊತ್ತಿಲ್ಲ. ಸರ್ಕಾರದವರೇ ನನಗೊಬ್ಬ ವಕೀಲರನ್ನು ಕೊಟ್ಟಿದ್ದಾರೆ, ಶರ್ವರಿ ಬಾಯಿ ಎಂದು. ಕನ್ನಡದವರೇ. ಅವರ ಅಜ್ಜನ ಕಾಲದಿಂದಲೂ ಹೈದರಾಬಾದಿನಲ್ಲೇ ಇದ್ದಾರೆ, ಅಬಿಡ್ಸ್‌ನಲ್ಲಿ ಪುಸ್ತಕದಂಗಡಿಯ ಮೇಲೆ ಆಫೀಸು. ಮಾತು ಭಾರಿ ಖಾರ. ಇಲ್ಲಿನವರೆಲ್ಲ ತಪ್ಪೊಪ್ಪಿಕೊಂಡರೆ ಬೇಗ ಬಿಡುತ್ತಾರೆ ಎನ್ನುತ್ತಾರೆ. ನಾನು ಹಾಗೇ ಮಾಡುತ್ತೇನೆ ಎಂದಿದ್ದಕ್ಕೆ, ‘ಒಪ್ಪಿಕೊಳ್ಳಾಕ ನೀವೇನು ಲಗ್ನಕ್ಕ ಕೂತೀರೇನ್ರಿ? ಬಾಯಿ ಮುಚ್ಚಿಕೊಂಡು ಕೂಡ್ರಿ’ ಎಂದರು.

ಅವ್ವನಿಗೆ ಊಟ ಬಿಡಬೇಡ ಎಂದು ಹೇಳಿ. ನೀವು ರೊಟ್ಟಿ ಬಡಿಯಬೇಡಿ.

ಭೀಮಾಶಂಕರ


ಗಡ್ಡಿ ಮಠ
16 ಅಕ್ಟೋಬರ್ 2024

ಮಹಾನವಮಿಗೆ ನಾಚಾರಂನ ಮೋಹನ ಮಠಕ್ಕೆ ಬಂದಿದ್ದ. ಅಲ್ಲಿ ಭಜನೆ ನಡೆಸುವವನು ಅವನೇ ಅಲ್ಲವೇ? ಪ್ರಸಾದ ಎಲ್ಲರಿಗೂ ಸಾಕಾಯಿತೇನೋ ಎಂದು ಕೇಳಿದೆ. ಅವನು ನನ್ನ ಮುಖ ನೋಡಿದ. ಸ್ಲೇಟಿನ ಮೇಲೆ ಬರೆದು ತೋರಿಸಿದ: ‘ಕಾಕಾ, ಆ ಅಮವಾಸಿಗಿ ಪ್ರಸಾದ ಬರಲಿಲ್ಲ. ಭೀಮಾನೂ ಬರಲಿಲ್ಲ. ಬರೇ ಊದಿನಕಡ್ಡಿ ಹಚ್ಚಿ ಮುಗಿಸಿದ್ವಿ.’

ಮುಟ್ಟಿತು ಎಂದು ಬರೆದವನು ನೀನು.

ಈಗ ನನಗೆ ತಿಳಿಯಿತು. ಹೈದರಾಬಾದಿನಲ್ಲಿ ಭಂಗಿಗೆ ಗಿರಾಕಿಗಳಿರುತ್ತಾರೆ ಎಂದು ಕೇಳಿದ್ದೇನೆ. ದೇವರ ಪ್ರಸಾದ ಮಾರಿ ಕುಡಿದಿದ್ದೀ. ಕುಡಿದದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಇದನ್ನು ಹೇಗೆ ನುಂಗಲಿ? ನಾನು ಸ್ನಾನ ಮಾಡಿ, ಉಪವಾಸವಿದ್ದು, ನನ್ನ ಕೈಯಾರೆ ಸೋಸಿ ಕಟ್ಟಿದ್ದೆನಲ್ಲೋ!

ಗೂಟಕ್ಕೆ ನೇತುಹಾಕಿದ್ದ ನಿನ್ನ ಏಕತಾರಿಯನ್ನು ಇಳಿಸಿ ಬೇರೆಯವರಿಗೆ ಕೊಟ್ಟೆ. ಇನ್ನು ನನಗೆ ಬರೆಯಬೇಡ.


ಚರ್ಲಪಲ್ಲಿ ಜೈಲು
6 ನವೆಂಬರ್ 2024

ಅಪ್ಪಾ,

ನಾನು ಮಾರಿಲ್ಲ. ಅದಕ್ಕಿಂತ ಹೆಚ್ಚು ಹೇಳಲಾರೆ.

ಏಕತಾರಿ ಯಾರ ಕೈಯಲ್ಲಿದ್ದರೂ ತಂತಿಯನ್ನು ಬಿಗಿ ಮಾಡಿ ಇಡಬೇಡಿ ಎಂದು ಹೇಳಿ, ಬುರುಡೆ ಸೀಳುತ್ತದೆ.

ಭೀಮಾಶಂಕರ


ಚರ್ಲಪಲ್ಲಿ ಜೈಲು
8 ಜನವರಿ 2025

ಅಪ್ಪನವರಿಗೆ ನಮಸ್ಕಾರ.

ಬರೆಯಬೇಡ ಎಂದಿದ್ದೀರಿ. ದೀಪಾವಳಿ ಹೋಯಿತು, ಎಳ್ಳಮವಾಸ್ಯೆಯೂ ಹೋಯಿತು, ನವೆಂಬರಿನ ಆ ಎರಡು ಸಾಲು ಬಿಟ್ಟರೆ ನಿಮ್ಮ ಮಾತು ಮೀರಲಿಲ್ಲ. ಇನ್ನೊಂದು ಸಲ ಮೀರುತ್ತಿದ್ದೇನೆ. ಬೈಯುವುದಿದ್ದರೆ ಬೈಯಿರಿ, ಆದರೆ ಉತ್ತರ ಬರೆಯಿರಿ.

ಸುಮ್ಮನೆ ಒಂದು ವಿಷಯ ಕೇಳುತ್ತೇನೆ. ಗಿಡದ ತುದಿಯ ಹೂವನ್ನು, ಅದೇ ನಾವು ತುರಾಯಿ ಎನ್ನುತ್ತೇವಲ್ಲ, ಅದನ್ನು ಮುರಿದು ಧುನಿಯ ಬೆಂಕಿಗೆ ಹಾಕುತ್ತೇವೆ. ಚಿಕ್ಕಂದಿನಿಂದ ನೋಡಿದ್ದೇನೆ. ಎಲ್ಲ ತುರಾಯಿಗಳನ್ನೂ ಹಾಕುತ್ತೇವೋ, ಇಲ್ಲ ಕೆಲವು ಉಳಿಸುತ್ತೇವೋ? ಪ್ರಸಾದದ ಚೀಲದಲ್ಲಿ ತಪ್ಪಿಯಾದರೂ ಒಂದು ತುರಾಯಿ ಬರುವುದು ಸಾಧ್ಯವೇ? ಬೇರೆ ಮಠದವರೂ ಹೀಗೆಯೇ ಮಾಡುತ್ತಾರೋ?

ಇಲ್ಲಿ ಒಬ್ಬರ ಜೊತೆ ಮಾತಿಗೆ ಮಾತು ಬಂದು ವಾದವಾಯಿತು, ಅದಕ್ಕೆ ಕೇಳಿದೆ. ಬೇರೇನೂ ಇಲ್ಲ.

ಭೀಮಾಶಂಕರ


ಗಡ್ಡಿ ಮಠ
27 ಜನವರಿ 2025

ಭೀಮಾ,

ನಿನ್ನ ಪತ್ರವನ್ನು ಓದಿ ಗೂಡಿನಲ್ಲಿ ಎಸೆದೆ. ನೀರು ಹಾಕಲು ಹೋದೆ. ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ನೋಡುತ್ತಾ ನಿಂತಿದ್ದೆ. ಮತ್ತೆ ಬಂದು ಓದಿದೆ.

ಕುಡಿದು ಜೈಲಿಗೆ ಹೋದವನಿಗೆ ತುರಾಯಿಯ ಚಿಂತೆ ಯಾಕೆ? ಜೈಲಿನಲ್ಲಿ ಯಾರ ಜೊತೆಗಾದರೂ ವಾದವಾದರೆ ಊಟದ ಮೇಲೆ ಆಗುತ್ತದೆ, ಹಾಸಿಗೆಯ ಮೇಲೆ ಆಗುತ್ತದೆ. ನಮ್ಮ ಧುನಿಯ ಮೇಲೆ ವಾದ ಮಾಡುವವರು ಯಾರು? ‘ತಪ್ಪಿಯಾದರೂ ಒಂದು ಬರುವುದು ಸಾಧ್ಯವೇ’ ಎಂದು ಕೇಳಿದ್ದೀಯಲ್ಲ, ಅದು ನಿನ್ನ ಮಾತಲ್ಲ. ಅದು ಕೋರ್ಟಿನವರ ಮಾತು.

ಅವತ್ತೇ ಮೋಹನನಿಗೆ ಬೇರೆಯವರಿಂದ ಫೋನ್ ಮಾಡಿಸಿದೆ. ಅವನ ಅಳಿಯ ಕುಡಿದು ಎರಡು ಸಲ ಸಿಕ್ಕಿದ್ದನಂತೆ. ದಂಡ ಕಟ್ಟಿ, ಒಂದೆರಡು ದಿನ ಒಳಗಿದ್ದು, ಮನೆಗೆ ಬಂದು ಕೋಳಿ ಕೊಯ್ದು ಉಂಡನಂತೆ. ಆಗಸ್ಟಿನಿಂದ ಸಂಕ್ರಾಂತಿಯ ತನಕ ಯಾವ ಕುಡುಕನನ್ನೂ ಇಟ್ಟುಕೊಳ್ಳುವುದಿಲ್ಲವಂತೆ.

ನೀನು ಕುಡಿದಿಲ್ಲ. ಮಾರಿಯೂ ಇಲ್ಲ. ನಾನು ಕಟ್ಟಿಕೊಟ್ಟ ಚೀಲವೇ ನಿನ್ನನ್ನು ಹಿಡಿಸಿಕೊಟ್ಟಿದೆ. ಹೌದೋ ಅಲ್ಲವೋ?

ನಿನ್ನವ್ವನಿಗೆ ಹೇಳಿದೆ. ‘ನನ್ನ ಮಗ ಕುಡಿಲಿಲ್ಲ, ಕುಡಿಲಿಲ್ಲ’ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಜೈಲಿನಲ್ಲಿ ಇದ್ದೀ ಎನ್ನುವುದು ಅವಳಿಗೆ ಮರೆತೇಹೋಯಿತು. ನಾನು ಮಾತ್ರ ಅತ್ತೆ. ಏನೇನು ಬರೆದೆನೋ ನಿನಗೆ! ನಾಲಿಗೆ ಸುಟ್ಟುಕೊಂಡರೂ ಹೋಗುವುದಿಲ್ಲ ಅದು.

ನೀನು ಕೇಳಿದ್ದಕ್ಕೆ ಉತ್ತರ: ಒಂದೂ ಉಳಿಸುವುದಿಲ್ಲ. ತುರಾಯಿ ದೇವರಿಗೆ, ಸೊಪ್ಪು ಮನುಷ್ಯರಿಗೆ. ಬೇರೆ ಮಠದವರ ಮಾತು ನನಗೆ ಗೊತ್ತಿಲ್ಲ. ನಮ್ಮಲ್ಲಿ ನಾನು ಒಂದೊಂದು ಕಡ್ಡಿಯನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ. ಇದನ್ನು ಕೇಳಿದವರಿಗೆ ನಾನೇ ಬಂದು ಹೇಳುತ್ತೇನೆ. ಯಾವ ದಿನ, ಯಾವ ಕೋರ್ಟು, ಬರೆ.

ನಿನ್ನಪ್ಪ


ಚರ್ಲಪಲ್ಲಿ ಜೈಲು
14 ಫೆಬ್ರವರಿ 2025

ಅಪ್ಪಾ,

ಹೌದು. ಆಗಸ್ಟ್ ಹತ್ತರಂದು ಬರೆದು ಕಳಿಸದೇ ಇದ್ದ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ, ಅದರಲ್ಲಿ ಎಲ್ಲ ಇದೆ. ಅಮರಯ್ಯನವರು ಅದನ್ನು ಓದಿ, ಮಡಚಿ, ‘ನಾ ಓದೀನಿ, ಆದರ ನೋಡಿಲ್ಲ ತಗೋ’ ಎಂದು ಮುದ್ರೆ ಒತ್ತಿದರು.

ತುರಾಯಿಯ ವಿಷಯ ಹೀಗಿದೆ. ಕಾನೂನು ಗಾಂಜಾ ಎನ್ನುವುದು ಗಿಡದ ತುದಿಯ ಹೂವಿಗಂತೆ. ಹೂವಿಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲವಂತೆ. ಪೊಲೀಸರು ಮಾತ್ರ ಹೂವು ಸಹಿತ ಎಂದು ಬರೆದುಕೊಂಡಿದ್ದಾರೆ. ನಾನು ಒಂದು ದಿನ ಶರ್ವರಿ ಬಾಯಿಯವರ ಮುಂದೆ ಮಾತಿನ ಭರದಲ್ಲಿ ‘ತುರಾಯಿ ಬೆಂಕೀಗಿ ಹೋಗ್ತಾವ್ರಿ’ ಎಂದುಬಿಟ್ಟೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ‘ಏನಂದ್ರಿ? ಇನ್ನೊಮ್ಮೆ ಹೇಳ್ರಿ! ಇಷ್ಟು ದಿನ ಈ ಮಾತು ಎಲ್ಲಿ ಬಚ್ಚಿಟ್ಟಿದ್ರಿ?’ ಎಂದರು. ಆ ಚೀಲವನ್ನು ಕೋರ್ಟಿನಲ್ಲಿ ಬಿಚ್ಚಿಸುತ್ತೇನೆ, ಜೊತೆಗೆ ಸೋಸಿದವರು ಬಂದು ಪದ್ಧತಿ ಹೇಳಬೇಕು ಎನ್ನುತ್ತಾರೆ. ಸೋಸಿದವರು ಯಾರೆಂದು ನಾನು ಹೇಳಿಲ್ಲ. ಯಾವುದೋ ದೊಡ್ಡ ವ್ಯಾಪಾರಿಗೆ ಹೆದರಿ ಬಾಯಿ ಬಿಡುತ್ತಿಲ್ಲ ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ನೀವು ಬರಬೇಡಿ. ನೀವು ‘ನಾನು ಸೋಸಿದೆ’ ಎಂದರೆ, ಗಿಡ ಎಲ್ಲಿತ್ತು ಎಂದು ಕೇಳುತ್ತಾರೆ. ಮಠದ ಹಿಂದೆ ಎಂದರೆ, ನೀರು ಹಾಕಿದವರು ಯಾರು ಎಂದು ಕೇಳುತ್ತಾರೆ. ಎಲೆಗೆ ಶಿಕ್ಷೆ ಇಲ್ಲದಿರಬಹುದು, ಗಿಡ ಬೆಳೆಸಿದ್ದಕ್ಕೆ ಇದೆ. ಮಾರ್ಚ್ ಹತ್ತೊಂಬತ್ತಕ್ಕೆ ಕೋರ್ಟಿದೆ. ಅವತ್ತು ಎದ್ದು ನಿಂತು ತಪ್ಪೊಪ್ಪಿಕೊಳ್ಳುತ್ತೇನೆ. ಕೊಟ್ಟಷ್ಟು ವರ್ಷ ಇದ್ದು ಬರುತ್ತೇನೆ. ನನಗೆ ವಯಸ್ಸಿದೆ, ನಿಮಗೆ ಇಲ್ಲ. ಗಟ್ಟಿ ಮನಸ್ಸು ಮಾಡಿಯೇ ಹೇಳುತ್ತಿದ್ದೇನೆ.

ಅವ್ವನ ಆಣೆ, ಬರಬೇಡಿ.

ಭೀಮಾಶಂಕರ


ಗಡ್ಡಿ ಮಠ
2 ಮಾರ್ಚ್ 2025

ಭೀಮಾ,

ಅವ್ವನ ಆಣೆ ಹಾಕಿದ್ದೀ. ಅವಳನ್ನೇ ಕೇಳಿದೆ. ‘ಆ ಆಣಿ ನಾ ತಗೊಳ್ಳಾಂಗಿಲ್ಲ, ನೀ ಹೋಗು’ ಎಂದು ಬುತ್ತಿ ಕಟ್ಟಲು ಕುಳಿತಿದ್ದಾಳೆ. ಹಾಗಾಗಿ ಆಣೆ ಹೋಯಿತು.

ಆಗಸ್ಟಿನ ಪತ್ರ ಓದಿದೆ. ಪೊಲೀಸಿನವನಿಗೆ ಎಡಗೈ ಕೆಳಗಿಡು ಎಂದು ಹೇಳಿಕೊಟ್ಟೆಯಾ? ನಗಬಾರದು ಎಂದರೂ ನಕ್ಕುಬಿಟ್ಟೆನಪ್ಪಾ. ಪ್ರಸಾದ ಕೊಡುವ ರೀತಿಯನ್ನು ಮಾತ್ರ ತಪ್ಪಿಲ್ಲ ನೀನು.

ಈಗ ನನ್ನ ಮಾತು ಕೇಳು. ನೀನು ಒಪ್ಪಿಕೊಂಡರೆ ಏನಾಗುತ್ತದೆ ಗೊತ್ತೇ? ನನ್ನ ಕೈ ಸೋಸಿದ ಪ್ರಸಾದದಲ್ಲಿ ತುರಾಯಿ ಇತ್ತು ಎಂದು ಕೋರ್ಟಿನ ಕಾಗದದಲ್ಲಿ ಉಳಿಯುತ್ತದೆ. ಇರಲಿಲ್ಲ. ಸುಳ್ಳು ಹೇಳಿ ನನ್ನನ್ನು ಉಳಿಸುವುದಾದರೆ ನನಗೆ ಆ ಉಳಿಯುವುದು ಬೇಡ. ನೀನು ಕುಡಿದೆ ಎಂದು ಸುಳ್ಳು ಹೇಳಿದೆ, ನಾನು ನಂಬಿ ಮಗನನ್ನು ಕಳೆದುಕೊಂಡೆ. ಇನ್ನೊಂದು ಸಲ ಆಗುವುದಿಲ್ಲ.

ಅಜ್ಜಾರಿಗೆ ಎಲ್ಲ ಹೇಳಿದೆ. ಅವರು ಸ್ಲೇಟಿನ ಮೇಲೆ ಬರೆದರು: ‘ಮಠದ ಹೆಸರು ಹೇಳು. ಮುಚ್ಚಬ್ಯಾಡ.’

ಮೋಹನನ ಮನೆಯಲ್ಲಿ ಇಳಿಯುತ್ತೇನೆ. ಅಬಿಡ್ಸ್‌ನಲ್ಲಿ ಆ ಬಾಯಿಯವರ ಆಫೀಸು ಅವನು ತೋರಿಸುತ್ತಾನಂತೆ. ನೀನು ಎದ್ದು ನಿಲ್ಲುವ ಮೊದಲು ನಾನು ಎದ್ದು ನಿಂತಿರುತ್ತೇನೆ. ನೋಡೋಣ, ಹಟದಲ್ಲಿ ಅಪ್ಪ ದೊಡ್ಡವನೋ ಮಗ ದೊಡ್ಡವನೋ.

ಅಮರಯ್ಯನವರೇ, ಈ ಪತ್ರ ತಡ ಮಾಡಬೇಡಿ. ಕೈಮುಗಿಯುತ್ತೇನೆ.

ಗೊಲ್ಲಾಳಪ್ಪ


ಬೊಮ್ಮನಗಡ್ಡಿ
8 ಮೇ 2025

ತಾಲ್ಲೂಕು ಸಬ್ ಜೈಲಿನಲ್ಲಿರುವ ಅಪ್ಪನವರಿಗೆ ಮಗನ ನಮಸ್ಕಾರ.

ನಿನ್ನೆ ಜಾಲರಿಯ ಆಚೆ ನಿಂತು ಎಷ್ಟು ಕೂಗಿದರೂ ನೀವು ‘ಹಾಂ? ಹಾಂ?’ ಎಂದಿರಿ. ನಿಮ್ಮ ಹಿಂದಿದ್ದ ಕೈದಿಗಳಿಗೆಲ್ಲ ನಮ್ಮ ಮನೆಯ ಸುದ್ದಿ ತಿಳಿಯಿತು, ನಿಮಗೊಬ್ಬರಿಗೆ ಬಿಟ್ಟು. ಅದಕ್ಕೆ ಮತ್ತೆ ಪತ್ರ.

ಏಪ್ರಿಲ್‌ನಲ್ಲಿ ನಾನು ಬಿಡುಗಡೆಯಾಗಿ ಮನೆಗೆ ಬಂದಾಗ ನಾವು ಕೋರ್ಟಿನ ಬಗ್ಗೆ ಮಾತಾಡಲೇ ಇಲ್ಲ. ಅವ್ವ ಬಿಡಲಿಲ್ಲ, ಬರೀ ಉಣ್ಣಿಸಿದಳು. ಅಷ್ಟರಲ್ಲಿ ಇಲ್ಲಿನ ಪೊಲೀಸರು ಬಂದು ಗಿಡ ಕಿತ್ತರು, ನಿಮ್ಮನ್ನು ಕರೆದೊಯ್ದರು. ಆ ದಿನ ಕೋರ್ಟಿನಲ್ಲಿ ನಿಮಗೆ ಕೇಳಿಸದೇ ಹೋದದ್ದನ್ನು ಈಗ ಬರೆಯುತ್ತೇನೆ. ನೀವು ಅದನ್ನು ತಿಳಿಯಬೇಕು.

ನೀವು ಬಂದಿರೆಂದು ನೋಡಿ ನಾನು ಎದ್ದೆ. ಶರ್ವರಿ ಬಾಯಿ ತಿರುಗಿ, ‘ಕೂಡ್ರಿ! ನಿಮ್ಮಪ್ಪ ಬಂದಾರ. ಇನ್ನ ನಿಮ್ಮ ಮಾತು ನಡ್ಯಾಂಗಿಲ್ಲ’ ಎಂದು ಗದರಿದರು. ಮೊದಲು ಅವರು ಗಾಡಿಯ ವಿಷಯ ಹಿಡಿದರು. ಮಷೀನು ಸೊನ್ನೆ ತೋರಿಸಿದೆ, ರಕ್ತ ತೆಗೆದಿಲ್ಲ, ಅಮಲಿತ್ತು ಎಂದು ಯಾರಿಗೆ ಕನಸು ಬಿತ್ತು ಎಂದು ಕೇಳಿದರು. ಆಮೇಲೆ ಚೀಲ ಬಿಚ್ಚಿಸಿದರು. ನಿಮ್ಮ ಗಂಟು ಬಿಡಿಸಲು ಗುಮಾಸ್ತನಿಗೆ ಆಗಲೇ ಇಲ್ಲ, ನೆನಪಿದೆಯೇ? ನೀವೇ ಹೋಗಿ ಬಿಚ್ಚಿದಿರಿ. ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಸುರಿದರು. ಎಲೆ, ಕಡ್ಡಿ, ಬೀಜ. ತುರಾಯಿ ಒಂದೂ ಇರಲಿಲ್ಲ. ಎರಡೂ ಕಡೆಯ ವಕೀಲರು ಬಗ್ಗಿ ಹುಡುಕಿದರು, ಜಡ್ಜ್ ಸಾಹೇಬರೂ ಕನ್ನಡಕ ಏರಿಸಿ ನೋಡಿದರು.

ಆಗ ಸರ್ಕಾರಿ ವಕೀಲರು, ಇದನ್ನು ಕಿತ್ತು ಸೋಸಿದ್ದು ಯಾರು ಎಂದು ಕೇಳಿದರು. ಜಡ್ಜ್ ಸಾಹೇಬರು ಅವರನ್ನು ತಡೆದು ನಿಮಗೆ ಒಂದು ಮಾತು ಹೇಳಿದರು. ನಿಮಗೆ ಕೇಳಿಸಲಿಲ್ಲ. ಶರ್ವರಿ ಬಾಯಿ ಆ ಪ್ರಶ್ನೆಯನ್ನೂ ಈ ಮಾತನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಹಿಡಿದರು: ಸೋಸಿದ್ದು ಯಾರು? ನಿಮ್ಮ ಮೇಲೇ ಕೇಸು ಬರುವಂಥ ಉತ್ತರ ಕೊಡಬೇಕಾಗಿಲ್ಲ. ನೀವು ನಿಧಾನಕ್ಕೆ ಓದಿದಿರಿ. ‘ಓದೀನಿ ತಾಯಿ’ ಎಂದಿರಿ. ಕಾಗದವನ್ನು ಮಡಚಿ ಅವರಿಗೇ ವಾಪಸ್ ಕೊಟ್ಟಿರಿ. ಆಮೇಲೆ ಎರಡೂ ಕೈ ಮುಂದೆ ಚಾಚಿ, ‘ನಾನs ಸೋಸೀನ್ರಿ, ಈ ಕೈಲೆ. ತುರಾಯಿ ದೇವರದು ರೀ, ಧುನೀಗಿ ಹಾಕ್ತೀವಿ. ಮನಷ್ಯಾಗ ಸೊಪ್ಪಷ್ಟ. ನನ್ನ ಮಗಾ ತಂದು ಮುಟ್ಟಿಸಾಂವ, ಅಂವಗ ಬ್ಯಾರೆ ಏನೂ ಗೊತ್ತಿಲ್ಲ’ ಎಂದಿರಿ. ಅಷ್ಟು ಜೋರಾಗಿ ಹೇಳಿದಿರೆಂದರೆ ಹೊರಗೆ ಕಾರಿಡಾರಿನಲ್ಲಿದ್ದವರೂ ಒಳಗೆ ಇಣುಕಿದರು. ಅನುವಾದ ಮಾಡುವವನು ಬಾಯಿ ತೆರೆಯುವ ಮೊದಲೇ ಜಡ್ಜ್ ಸಾಹೇಬರು ತಲೆಯಾಡಿಸಿದರು, ಅರ್ಥವಾಯಿತು ಎಂದು.

ಶರ್ವರಿ ಬಾಯಿ ಕಣ್ಣು ಒರೆಸಿಕೊಂಡರು. ಧೂಳು ಎಂದರು. ಅಲ್ಲಿ ಧೂಳಿರಲಿಲ್ಲ.

ಈಗ ಅವರೇ ಹೈದರಾಬಾದಿನಿಂದ ಸೋಮವಾರ ಬರುತ್ತಿದ್ದಾರೆ. ಇಲ್ಲಿನ ವಕೀಲರ ಜೊತೆ ನಿಂತು ಜಾಮೀನು ಕೇಳುತ್ತಾರೆ. ನಾನು ಈ ಕೇಸು ಬಿಡುವುದಿಲ್ಲ, ಆಟೊ ಮಾರಿದರೂ ಸರಿ. ನಿಮ್ಮಲ್ಲಿ ಒಂದೇ ಬೇಡಿಕೆ. ಗಿಡಗಳ ಬಗ್ಗೆ ಯಾರೇ ಕೇಳಲಿ, ನನಗೆ ಗೊತ್ತಿಲ್ಲ, ಹೊಳೆ ದಂಡೆಯಲ್ಲಿ ತಾವೇ ಹುಟ್ಟಿದವು ಎನ್ನಿ. ಕಿವಿ ಕೇಳಿಸುವುದಿಲ್ಲ ಎಂದು ಸುಮ್ಮನಿದ್ದರೂ ಆದೀತು. ಇದೊಂದು ಸಲ ನನ್ನ ಮಾತು ಕೇಳಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಭೀಮಾಶಂಕರ


ತಾಲ್ಲೂಕು ಸಬ್ ಜೈಲು
11 ಮೇ 2025

ಚಿರಂಜೀವಿ ಭೀಮಾಶಂಕರನಿಗೆ,

ಈ ಸಲ ನಿಜವಾಗಿಯೇ ಕೇಳುತ್ತೇನೆ, ಹೇಗಿದ್ದೀಯಪ್ಪಾ? ನಾನು ಆರಾಮ ಇದ್ದೇನೆ. ಇಲ್ಲಿ ಪತ್ರ ಓದಿ ನೋಡುವವರು ನಮ್ಮ ಊರ ಕಡೆಯವರೇ, ಅಕ್ಷರ ಚೆನ್ನಾಗಿದೆ ಎಂದು ನಿನ್ನನ್ನು ಹೊಗಳಿದರು. ರೊಟ್ಟಿ ಕೊಡುತ್ತಾರೆ. ನಾನು ಬಡಿದದ್ದಕ್ಕಿಂತ ಮೇಲು.

ಕೋರ್ಟಿನ ಸಂಗತಿ ಓದಿ ಖುಷಿಯಾಯಿತು. ಅವತ್ತು ಎಲ್ಲರ ಬಾಯಿ ಅಲ್ಲಾಡುವುದಷ್ಟೇ ಕಾಣಿಸಿತ್ತು. ನನ್ನ ಕಣ್ಣು ನಿನ್ನ ಮೇಲೇ ಇತ್ತು. ನೀನು ಸೊರಗಿದ್ದೆ.

ಗೊತ್ತಿಲ್ಲ ಎನ್ನು ಎಂದು ಬರೆದಿದ್ದೀ. ಯೋಚಿಸಿದೆ. ಹೈದರಾಬಾದಿನಲ್ಲಿ ನನಗೆ ಗೊತ್ತಿದ್ದದ್ದು ಯಾದಗಿರಿ ಜಿಲ್ಲೆಗೆ ಬಂದ ಕೂಡಲೇ ಗೊತ್ತಿಲ್ಲದಂತೆ ಆಗುವುದು ಹೇಗೆ? ಇಲ್ಲಿ ಸುಳ್ಳು ಹೇಳಿದರೆ ಅಲ್ಲಿ ಹೇಳಿದ್ದೂ ಸುಳ್ಳು ಎನ್ನುತ್ತಾರೆ. ಆಗ ನಿನ್ನ ಬಿಡುಗಡೆಗೆ ಏನು ಬೆಲೆ? ನಾನು ನೀರು ಹಾಕಿದ್ದೇನೆ, ಹಾಕಿದ್ದೇನೆ ಎನ್ನುತ್ತೇನೆ. ಯಾಕೆ ಹಾಕಿದೆ ಎಂದರೆ ಅದನ್ನೂ ಹೇಳುತ್ತೇನೆ. ಉಳಿದದ್ದು ಶರ್ವರಿ ಬಾಯಿ ನೋಡಿಕೊಳ್ಳಲಿ. ಅವರ ಮೇಲೆ ನನಗೆ ಧೈರ್ಯವಿದೆ. ನೀನು ಆಟೊ ಮಾರಬೇಡ, ಸುಮ್ಮನೆ ದುಡಿ.

ಊರಲ್ಲಿ ಯಾರಾದರೂ ನಿಮ್ಮಪ್ಪ ಎಲ್ಲಿ ಎಂದು ಕೇಳಿದರೆ, ಕುಡಿದು ಗಾಡಿ ಹೊಡೆದು ಸಿಕ್ಕ ಎಂದು ಮಾತ್ರ ಹೇಳಬೇಡ. ನನಗೆ ಸೈಕಲ್ ಹೊಡೆಯಲೂ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳು.

ಅಜ್ಜಾರು ಇನ್ನು ಮುಂದೆ ಸಕ್ಕರೆಯನ್ನೇ ಪ್ರಸಾದ ಎಂದು ಕೊಡುತ್ತಾರಂತೆ. ಸಕ್ಕರೆಗೆ ಯಾವ ಕಾನೂನು ಇದೆಯೋ, ಬಾಯಿಯವರು ಬಂದಾಗ ಅದನ್ನೂ ಕೇಳಿಬಿಡು.

ನಿನ್ನ ಏಕತಾರಿಯನ್ನು ಜನವರಿಯಲ್ಲೇ ವಾಪಸ್ ಇಸಿದುಕೊಂಡು ಬಂದಿದ್ದೆ. ನಾಚಿಕೆಯಾಗಿ ನಿನಗೆ ಹೇಳಲಿಲ್ಲ. ಮಠದಲ್ಲಿ ಅದೇ ಗೂಟಕ್ಕೆ ಇದೆ, ತಂತಿ ಸಡಿಲ ಮಾಡಿಯೇ ಇಟ್ಟಿದ್ದೇನೆ. ಈ ಅಮವಾಸ್ಯೆಗೆ ನಾನು ಬರುವುದಾಗದಿದ್ದರೆ ಕಾಯಬೇಡ, ಭಜನೆ ನೀನೇ ಶುರು ಮಾಡು. ಈ ಜೈಲು ಹೊಳೆಯ ಆಚೆಗೇ ಇದೆ, ಹೊಳೆಯ ಕಡೆ ಮುಖ ಮಾಡಿ ಜೋರಾಗಿ ಹಾಡು. ನನಗೆ ಇಲ್ಲಿಗೆ ಕೇಳಿಸಬೇಕು.

ನಿನ್ನಪ್ಪ,
ಗೊಲ್ಲಾಳಪ್ಪ